ಒಸಾಕಾದ ಎತ್ತರದ ಹೋಟೆಲ್: ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ

ಓದುಗರ ಪ್ರಶ್ನೆ: ದಸರಾ ರಜೆಗೆ ಜಪಾನಿನ ಒಸಾಕಾಗೆ ಹೊರಟಿದ್ದೇವೆ. ನಾನು, ನನ್ನ ಹೆಂಡತಿ, 6 ವರ್ಷದ ಮಗಳು, ಅಪ್ಪ (71), ಅಮ್ಮ (66). ಐದು ರಾತ್ರಿ ಇರುತ್ತೇವೆ. ಅಮ್ಮನಿಗೆ ಮಂಡಿ ನೋವು. ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆ ಕೂಡ ತಿನ್ನುವುದಿಲ್ಲ. ಅಲ್ಲಿನ ನಂಬಾ ಅನ್ನುವ ಬಡಾವಣೆಯಲ್ಲಿ ರೈಲ್ವೆ ಸ್ಟೇಷನ್ ಮೇಲೇ ಇರುವ 36 ಮಹಡಿಯ ಹೋಟೆಲ್ ನೋಡಿದ್ದೇನೆ. ಹತ್ತಿರದ ಸಾಧಾರಣ ಹೋಟೆಲ್‌ಗಿಂತ ಎರಡು ಪಟ್ಟು ರೇಟು. ಅಷ್ಟು ಕೊಡಬಹುದಾ? ಭೂಕಂಪ ಆದರೆ ಏನು ಮಾಡುವುದು? ಎಷ್ಟನೇ ಮಹಡಿ ಕೇಳಬೇಕು? (ಮೈಸೂರು)

ಉತ್ತರ:

ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ದುಡ್ಡು ಹೊಂದುತ್ತದೆ ಅಂದರೆ ಆ ಹೋಟೆಲೇ ತಗೊಳ್ಳಿ. ಆದರೆ ಎತ್ತರ ನೋಡಿ ತಗೊಳ್ಳಬೇಡಿ, ಬುಡದಲ್ಲೇ ಸ್ಟೇಷನ್ ಇದೆ ಅಂತ ತಗೊಳ್ಳಿ. ನೀವು ಹೇಳಿದ್ದು ಸ್ವಿಸೋಟೆಲ್ ನಂಕಾಯ್ ಒಸಾಕಾ ಅಂತ ಕಾಣುತ್ತದೆ. 1990ರಲ್ಲಿ ಶುರುವಾದ ಹೋಟೆಲ್ ಅದು, ಆಗ ಬೇರೆ ಹೆಸರಿತ್ತು. ನಂಕಾಯ್ ರೈಲ್ವೆಯ ನಂಬಾ ಸ್ಟೇಷನ್‌ಗೆ ಅಂಟಿಕೊಂಡೇ ಇದೆ. ಕನ್ಸಾಯ್ ವಿಮಾನ ನಿಲ್ದಾಣದಲ್ಲಿ ರೈಲು ಹತ್ತಿದರೆ ಸುಮಾರು 40 ನಿಮಿಷಕ್ಕೆ ನಂಬಾ. ಅಲ್ಲಿ ಇಳಿದರೆ ರೈಲು, ಲಿಫ್ಟು, ರೂಮು, ಅಷ್ಟೇ. ರಸ್ತೆ ದಾಟುವುದಿಲ್ಲ, ಮಳೆ ತಾಗುವುದಿಲ್ಲ, ಅಮ್ಮ ಒಂದು ಮೆಟ್ಟಿಲು ಹತ್ತುವುದಿಲ್ಲ. ಆ ಎರಡು ಪಟ್ಟು ರೇಟು ಹೋಗುವುದು ಇದಕ್ಕೆ.

ನಾನು ಒಸಾಕಾ ಪಕ್ಕದಲ್ಲಿ 11 ವರ್ಷದಿಂದ ಇದ್ದೇನೆ. ಊರಿನಿಂದ ಬರುವ ಕುಟುಂಬಗಳಿಗೆ ಪ್ರವಾಸ ಹೊಂದಿಸಿಕೊಡುವುದೇ ನನ್ನ ಕೆಲಸ. ಇದನ್ನು ನಾನು ಕಲಿತಿದ್ದು ನನ್ನ ಅಪ್ಪ ಅಮ್ಮ ಮೊದಲ ಸಲ ಬಂದಾಗ. ಸ್ಟೇಷನ್‌ನಿಂದ 6 ನಿಮಿಷ ಅಂತ ಬರೆದಿದ್ದ ಒಂದು ಹೋಟೆಲ್ ಬುಕ್ ಮಾಡಿದ್ದೆ. ಹೋಟೆಲ್ ಚೆನ್ನಾಗಿಯೇ ಇತ್ತು. ಆದರೆ ಜಪಾನಿನಲ್ಲಿ ಆ ನಿಮಿಷದ ಲೆಕ್ಕ ಬೇರೆ. ಮನೆ ಬಾಡಿಗೆ ಜಾಹೀರಾತಿಗೆ ಅಂತ ಇಲ್ಲಿ ಒಂದು ನಿಯಮ ಇದೆ: 80 ಮೀಟರ್ ದಾರಿಗೆ 1 ನಿಮಿಷ. ಹೋಟೆಲ್‌ನವರೂ ಹೆಚ್ಚುಕಡಿಮೆ ಅದೇ ಲೆಕ್ಕ ಹಿಡಿಯುತ್ತಾರೆ. ಸಿಗ್ನಲ್‌ನಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತಿ ಇಳಿಯುವುದು ಯಾವುದೂ ಅದರಲ್ಲಿ ಸೇರುವುದಿಲ್ಲ. 80 ಮೀಟರ್ ಅನ್ನುವುದು ಗಟ್ಟಿಮುಟ್ಟಾದವರು ಬಿರುಸಾಗಿ ನಡೆಯುವ ವೇಗ. ನಮ್ಮಮ್ಮನಿಗೆ ಆ 6 ನಿಮಿಷ 20 ನಿಮಿಷ ಆಯಿತು, ಅದರಲ್ಲಿ ಎರಡು ಕಡೆ ಸಬ್‌ವೇ ಮೆಟ್ಟಿಲು. ದಿನಕ್ಕೆ ಎರಡು ಸಲ, ನಾಲ್ಕು ದಿನ. ಮೂರನೇ ದಿನ ಸಂಜೆ ಅವರು "ನೀವು ಹೋಗಿ ಬನ್ನಿ, ನಾನು ರೂಮಲ್ಲೇ ಇರ್ತೀನಿ" ಅಂದರು. ಅಷ್ಟು ದೂರ ಕರೆಸಿಕೊಂಡು, ಕಡೆಗೆ ಅವರನ್ನು ರೂಮಲ್ಲಿ ಕೂರಿಸಿ ಹೋಗಬೇಕಾಯಿತಲ್ಲ ಅಂತ ಇವತ್ತಿಗೂ ಬೇಜಾರಾಗುತ್ತದೆ.

ಹಾಗಾಗಿ ಹೋಟೆಲ್ ನೋಡುವಾಗ ಎಷ್ಟು ನಿಮಿಷ ಅಂತ ನೋಡಬೇಡಿ. ಸ್ಟೇಷನ್ನಿನ ಯಾವ ಬಾಗಿಲಿನಲ್ಲಿ ಲಿಫ್ಟ್ ಇದೆ, ಆ ಬಾಗಿಲಿನಿಂದ ಹೋಟೆಲ್ ಎಷ್ಟು ದೂರ ಅಂತ ನೋಡಿ. ಒಸಾಕಾ ಮೆಟ್ರೋದ ಸ್ಟೇಷನ್‌ಗಳಲ್ಲಿ ಲಿಫ್ಟ್ ಇದ್ದೇ ಇರುತ್ತದೆ, ಆದರೆ ಎಲ್ಲಾ ಬಾಗಿಲುಗಳಲ್ಲಿ ಅಲ್ಲ, ಕೆಲವು ಬಾಗಿಲುಗಳಲ್ಲಿ ಮಾತ್ರ. ಅದು ನಿಮ್ಮ ಹೋಟೆಲಿನ ಎದುರು ದಿಕ್ಕಿನಲ್ಲಿದ್ದರೆ ಏನೂ ಉಪಯೋಗ ಇಲ್ಲ.

ಇನ್ನೊಂದು ಎಚ್ಚರ. ನಂಬಾ ಅನ್ನುವ ಹೆಸರಿನಲ್ಲಿ ಇರುವುದು ಒಂದೇ ಸ್ಟೇಷನ್ ಅಲ್ಲ, ನಾಲ್ಕೈದು ಇವೆ, ಬೇರೆ ಬೇರೆ ರೈಲು ಕಂಪನಿಗಳದು. ನಂಕಾಯ್ ನಂಬಾ ಬೇರೆ, ಕಿಂತೆತ್ಸು ಮತ್ತು ಹನ್‌ಶಿನ್ ರೈಲು ಬರುವ ಒಸಾಕಾ ನಂಬಾ ಬೇರೆ, ಜೆಆರ್ ನಂಬಾ ಬೇರೆ, ಮೆಟ್ರೋದ ಮೂರು ಮಾರ್ಗಗಳ ನಂಬಾ ಬೇರೆ. ಎಲ್ಲವನ್ನೂ ನೆಲದಡಿಯ ಅಂಗಡಿ ಸಾಲು ಸೇರಿಸುತ್ತದೆ ನಿಜ, ಆದರೆ ಜೆಆರ್ ನಂಬಾದಿಂದ ನಂಕಾಯ್ ನಂಬಾಗೆ ನಡೆಯಲು ಹತ್ತು ನಿಮಿಷ ಬೇಕು, ಸೂಟ್‌ಕೇಸ್ ಇದ್ದರೆ ಇನ್ನೂ ಜಾಸ್ತಿ. "ನಂಬಾ ಸ್ಟೇಷನ್ ಹತ್ತಿರ" ಅಂತ ಹೋಟೆಲ್‌ನವರು ಬರೆದರೆ ಯಾವ ನಂಬಾ ಅಂತ ಕೇಳಲೇಬೇಕು. ನಿಮಗೆ ಬೇಕಾದದ್ದು ನಂಕಾಯ್ ನಂಬಾ, ವಿಮಾನ ನಿಲ್ದಾಣದ ರೈಲು ಬರುವುದು ಅಲ್ಲಿಗೆ. ಅದರ ಪ್ಲಾಟ್‌ಫಾರಂ ಇರುವುದು 3ನೇ ಮಹಡಿಯಲ್ಲಿ, ನೆಲದಡಿ ಅಲ್ಲ. ರಾಪಿತೊ ಅನ್ನುವ ನೀಲಿ ರೈಲು ಹತ್ತಿ. ಸೀಟು ಕಾಯ್ದಿರಿಸಿದ ರೈಲು, ಸೂಟ್‌ಕೇಸ್ ಇಡಲು ಜಾಗ ಇರುತ್ತದೆ. ಇನ್ನೂ ಅಗ್ಗದ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಸುಮಾರು 45 ನಿಮಿಷ ತಗೊಳ್ಳುತ್ತದೆ, ಆದರೆ ಅದರಲ್ಲಿ ಸಂಜೆ ನಿಂತೇ ಬರಬೇಕಾಗಬಹುದು. ಅಪ್ಪ ಅಮ್ಮ ಇಡೀ ರಾತ್ರಿ ವಿಮಾನದಲ್ಲಿ ಕೂತು ಬಂದಿರುತ್ತಾರೆ, ಅಲ್ಲಿ ದುಡ್ಡು ಉಳಿಸಬೇಡಿ.

ಎತ್ತರದ ಹೋಟೆಲ್ ಒಸಾಕಾದಲ್ಲಿ ಇನ್ನೂ ಇವೆ. ನೀವು ಹೋಲಿಸಿ ನೋಡುತ್ತೀರಿ ಅಂತ ಹೇಳುತ್ತಿದ್ದೇನೆ. ಅಬೆನೊ ಹರುಕಾಸ್ ಅನ್ನುವ 60 ಮಹಡಿಯ ಕಟ್ಟಡ 300 ಮೀಟರ್ ಎತ್ತರ. 2014ರಲ್ಲಿ ಪೂರ್ತಿ ತೆರೆದಾಗ ಅದೇ ಜಪಾನಿನ ಅತಿ ಎತ್ತರದ ಕಟ್ಟಡ, 2023ರಲ್ಲಿ ತೋಕ್ಯೊದ ಕಟ್ಟಡವೊಂದು ಅದನ್ನು ಮೀರಿಸಿತು. ಅದರ ಮೇಲಿನ ಮಹಡಿಗಳಲ್ಲಿ ಮ್ಯಾರಿಯಟ್ ಹೋಟೆಲ್ ಇದೆ. ನಕಾನೊಶಿಮಾ ದ್ವೀಪದಲ್ಲಿ 200 ಮೀಟರ್ ಕಟ್ಟಡದ ತುದಿಯಲ್ಲಿ ಕಾನ್‌ರಾಡ್ ಇದೆ. ನೋಟ ಎರಡರಲ್ಲೂ ಅದ್ಭುತ. ಆದರೆ ಇಂಥ ಕಟ್ಟಡಗಳಲ್ಲಿ ಹೋಟೆಲ್ ಇರುವುದು ಮೇಲುಭಾಗದಲ್ಲಿ ಮಾತ್ರ, ಕೆಳಗೆ ಆಫೀಸು, ಅಂಗಡಿ, ಮ್ಯೂಸಿಯಂ. ಹರುಕಾಸ್‌ನಲ್ಲಿ ರಿಸೆಪ್ಷನ್ 19ನೇ ಮಹಡಿ, ರೂಮುಗಳು 38ರಿಂದ ಮೇಲೆ. ಕಾನ್‌ರಾಡ್‌ನಲ್ಲಿ ರಿಸೆಪ್ಷನ್ನೇ 40ನೇ ಮಹಡಿಯಲ್ಲಿ. ಅಂದರೆ ಒಂದು ಲಿಫ್ಟ್ ಹತ್ತಿ, ಇಳಿದು, ಇನ್ನೊಂದು ಲಿಫ್ಟ್ ಹಿಡಿದು ರೂಮಿಗೆ ಹೋಗಬೇಕು. ಇಬ್ಬರೇ ಹೋದರೆ ಅದು ಏನೂ ಅಲ್ಲ. "ಕನ್ನಡಕ ರೂಮಲ್ಲೇ ಬಿಟ್ಟೆ" ಅಂತ ಅಪ್ಪ ಕೆಳಗೆ ಬಂದ ಮೇಲೆ ಹೇಳಿದರೆ ಮತ್ತೆ ಕಾಲು ಗಂಟೆ ಹೋಯಿತು. ಐದು ಜನರ ಕುಟುಂಬದಲ್ಲಿ ಇದು ದಿನಾ ಆಗುತ್ತದೆ.

ಊರಿನ ಬಗ್ಗೆ ಒಂದು ಮಾತು. ಒಸಾಕಾದೊಳಗೆ ಉಮೆದಾ, ಶಿನ್ ಒಸಾಕಾ, ನಂಬಾ, ಈ ಮೂರು ಜಾಗಗಳಲ್ಲಿ ನಿಮಗೆ ನಂಬಾನೇ ಸರಿ. ಉಮೆದಾ ದೊಡ್ಡ ಕೇಂದ್ರ, ಕ್ಯೋತೊ ಕಡೆ ಹೋಗಲು ಅನುಕೂಲ, ಆದರೆ ಅದರ ನೆಲದಡಿಯ ದಾರಿಗಳಲ್ಲಿ ಇಲ್ಲಿಯವರೂ ದಾರಿ ತಪ್ಪುತ್ತಾರೆ. ಶಿನ್ ಒಸಾಕಾದಲ್ಲಿ ಬುಲೆಟ್ ರೈಲು ಬಿಟ್ಟರೆ ಸಂಜೆ ಸುತ್ತಾಡಲು ಏನೂ ಇಲ್ಲ. ನಂಬಾದಿಂದ ಮಿದೊಸುಜಿ ಮೆಟ್ರೋದಲ್ಲಿ ಉಮೆದಾ ನಾಲ್ಕನೇ ಸ್ಟೇಷನ್, ಹತ್ತು ನಿಮಿಷದೊಳಗೆ. ಶಿನ್ ಒಸಾಕಾ ಕಾಲು ಗಂಟೆ. ನಾರಾಗೆ ಕಿಂತೆತ್ಸು ರೈಲು ನೇರ ಹೋಗುತ್ತದೆ, ಸುಮಾರು 40 ನಿಮಿಷ. ಮಗಳಿಗೆ ಅಲ್ಲಿನ ಜಿಂಕೆಗಳನ್ನು ತೋರಿಸದೆ ಬರಬೇಡಿ. ಸಂಜೆ ದೊತೊಂಬೊರಿ ಕಾಲುವೆ ದೀಪಗಳನ್ನು ನೋಡಲು ಟಿಕೆಟ್ ಬೇಡ, ರೈಲು ಬೇಡ. ನಂಕಾಯ್ ಸ್ಟೇಷನ್ ಮುಂದೆ ಮೊದಲು ಟ್ಯಾಕ್ಸಿಗಳು ನಿಲ್ಲುತ್ತಿದ್ದ ಜಾಗವನ್ನು 2023ರಲ್ಲಿ ಜನ ನಡೆಯುವ, ಕೂರುವ ಬಯಲು ಮಾಡಿದ್ದಾರೆ. ನೀವು ಮೂವರು ಅಂಗಡಿ ಸುತ್ತುವಾಗ ಅಪ್ಪ ಅಮ್ಮ ಅಲ್ಲಿ ಕೂತು ಊರು ನೋಡಬಹುದು. ನನ್ನ ಲೆಕ್ಕದಲ್ಲಿ ಹಿರಿಯರಿಗೆ ಇದು 30ನೇ ಮಹಡಿಯ ಕಿಟಕಿಗಿಂತ ದೊಡ್ಡ ಸುಖ. ಪಕ್ಕದ ನಂಬಾ ಪಾರ್ಕ್ಸ್ ಅನ್ನುವ ಮಾಲ್‌ನ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ತೋಟ ಮಾಡಿದ್ದಾರೆ. ಮೊದಲು ಅಲ್ಲಿ ಬೇಸ್‌ಬಾಲ್ ಸ್ಟೇಡಿಯಂ ಇತ್ತು. ಮಗಳು ಅಲ್ಲಿ ಓಡಾಡಿಕೊಂಡಿರಲಿ.

ಈಗ ಭೂಕಂಪ. ಇದು ಎಲ್ಲರೂ ಕೇಳುವ ಪ್ರಶ್ನೆ, ಕೇಳಲೇಬೇಕಾದ ಪ್ರಶ್ನೆ ಕೂಡ. ಜಪಾನಿನಲ್ಲಿ 1981ರ ಜೂನ್‌ನಿಂದ ಕಟ್ಟಡಗಳಿಗೆ ಹೊಸ ಭೂಕಂಪ ನಿಯಮ ಬಂತು. ದೊಡ್ಡ ಕಂಪನಕ್ಕೂ ಕಟ್ಟಡ ಕುಸಿದು ಒಳಗಿದ್ದವರು ಸಾಯಬಾರದು ಅನ್ನುವುದು ಅದರ ಗುರಿ. ನೀವು ನೋಡಿದ ಹೋಟೆಲ್ ಅದರ ನಂತರದ್ದು. ಅದೂ ಅಲ್ಲದೆ 60 ಮೀಟರ್ ದಾಟಿದ ಕಟ್ಟಡಕ್ಕೆ ಸಾಮಾನ್ಯ ಅನುಮತಿ ಸಾಲುವುದಿಲ್ಲ. ನಿಜವಾದ ಭೂಕಂಪದ ಅಲೆಗಳನ್ನು ಕಂಪ್ಯೂಟರ್‌ನಲ್ಲಿ ಆ ಕಟ್ಟಡದ ಮೇಲೆ ಹಾಯಿಸಿ, ಅದು ಕ್ಷಣ ಕ್ಷಣಕ್ಕೆ ಹೇಗೆ ಓಲಾಡುತ್ತದೆ ಅಂತ ತೋರಿಸಿ, ಮಂತ್ರಿಮಟ್ಟದ ಒಪ್ಪಿಗೆ ಪಡೆಯಬೇಕು. ಆದ್ದರಿಂದ ಒಸಾಕಾದಲ್ಲಿ ನನಗೆ ಭಯ ಆಗುವುದು ಎತ್ತರದ ಹೋಟೆಲ್ ಕಂಡರೆ ಅಲ್ಲ, ಹಳೇ ಮರದ ಮನೆಯನ್ನು ಬಾಡಿಗೆಗೆ ಕೊಡುವವರನ್ನು ಕಂಡರೆ.

ಆದರೆ ಎತ್ತರದ ಕಟ್ಟಡ ಬೀಳದಿದ್ದರೂ ಓಲಾಡುತ್ತದೆ, ತುಂಬಾ ಓಲಾಡುತ್ತದೆ. ಬೀಳದೆ ಇರಲಿ ಅಂತಲೇ ಹಾಗೆ ಕಟ್ಟಿರುತ್ತಾರೆ, ಗಾಳಿಗೆ ಅಡಿಕೆ ಮರ ಬಾಗಿದ ಹಾಗೆ. ದೂರದ ದೊಡ್ಡ ಭೂಕಂಪದಿಂದ ನಿಧಾನದ ಉದ್ದ ಅಲೆಗಳು ನೂರಾರು ಕಿಲೋಮೀಟರ್ ಬರುತ್ತವೆ. ಚಿಕ್ಕ ಮನೆಗಳಿಗೆ ಅವು ಗೊತ್ತೇ ಆಗುವುದಿಲ್ಲ, ಎತ್ತರದ ಕಟ್ಟಡಗಳನ್ನು ಮಾತ್ರ ತೊಟ್ಟಿಲಿನ ಹಾಗೆ ತೂಗುತ್ತವೆ. 2011ರ ಮಾರ್ಚ್ 11ರಂದು ಆ ಭಾರಿ ಭೂಕಂಪ ಆಗಿದ್ದು ಈಶಾನ್ಯದಲ್ಲಿ, ಒಸಾಕಾದಿಂದ ಸುಮಾರು 770 ಕಿಲೋಮೀಟರ್ ದೂರ. ಆದರೂ ಒಸಾಕಾ ಕೊಲ್ಲಿಯ ದಡದಲ್ಲಿರುವ 256 ಮೀಟರ್ ಎತ್ತರದ ಸಕಿಶಿಮಾ ಸರ್ಕಾರಿ ಕಟ್ಟಡದ ಮೇಲುಭಾಗ ಈ ಕಡೆಯಿಂದ ಆ ಕಡೆಗೆ ಸುಮಾರು 2.7 ಮೀಟರ್ ತೂಗಿತು, ಅದೂ ಹತ್ತು ನಿಮಿಷ. ಲಿಫ್ಟ್‌ಗಳಲ್ಲಿ ಜನ ಸಿಕ್ಕಿಕೊಂಡರು. ಕಟ್ಟಡ ಬೀಳಲಿಲ್ಲ, ಆದರೆ ಮೇಲಿದ್ದವರಿಗೆ ಆ ಹತ್ತು ನಿಮಿಷ ಹೇಗಿತ್ತು ಯೋಚಿಸಿ. ಆಮೇಲೆ ಅಲ್ಲಿ ಓಲಾಟ ತಗ್ಗಿಸುವ ಸಾಧನಗಳನ್ನು ಕೂರಿಸಿದರು. 2023ರ ಫೆಬ್ರವರಿಯಿಂದ ಜಪಾನಿನ ಹವಾಮಾನ ಇಲಾಖೆ ಈ ಉದ್ದ ಅಲೆಗಳನ್ನೂ ಲೆಕ್ಕಕ್ಕೆ ತಗೊಂಡು ಭೂಕಂಪದ ತುರ್ತು ಎಚ್ಚರಿಕೆ ಕೊಡುತ್ತಿದೆ.

ಇನ್ನೊಂದು ಅನುಭವ 2018ರ ಜೂನ್ 18ರದ್ದು. ಬೆಳಿಗ್ಗೆ 7:58ಕ್ಕೆ ಒಸಾಕಾದ ಉತ್ತರ ಭಾಗದಲ್ಲೇ ಭೂಕಂಪ ಆಯಿತು, ತೀವ್ರತೆ 6.1. ಎತ್ತರದ ಕಟ್ಟಡಗಳಿಗೆ ದೊಡ್ಡ ಪೆಟ್ಟು ಬೀಳಲಿಲ್ಲ, ಆದರೆ ಸಾವಿರಾರು ಲಿಫ್ಟ್‌ಗಳು ನಿಂತವು. ಇಲ್ಲಿನ ಹೊಸ ಕಾಲದ ಲಿಫ್ಟ್‌ಗಳು ಮೊದಲ ಸಣ್ಣ ಅಲೆ ಗೊತ್ತಾದ ತಕ್ಷಣ ಹತ್ತಿರದ ಮಹಡಿಗೆ ಹೋಗಿ ಬಾಗಿಲು ತೆರೆದು ನಿಲ್ಲುತ್ತವೆ. ಕಂಪನ ಜೋರಾಗಿದ್ದರೆ ಆಮೇಲೆ ತಂತ್ರಜ್ಞರು ಬಂದು ನೋಡುವ ತನಕ ಅವು ಓಡುವುದಿಲ್ಲ. ಊರಿನಲ್ಲಿರುವ ಎಲ್ಲಾ ಲಿಫ್ಟ್‌ಗಳನ್ನೂ ಅದೇ ತಂತ್ರಜ್ಞರೇ ನೋಡಬೇಕು. ಹಾಗಾಗಿ ಗಂಟೆಗಟ್ಟಲೆ ಆಗುತ್ತದೆ.

ನಿಮ್ಮ ಮಹಡಿ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅಮ್ಮನ ಮಂಡಿ ನೆನಪಿಟ್ಟುಕೊಂಡು ಹೇಳುವುದಾದರೆ, ರೂಮುಗಳಿರುವ ಮಹಡಿಗಳಲ್ಲಿ ಆದಷ್ಟು ಕೆಳಗಿನದು ಕೇಳಿ. 10, 12 ಆದರೆ ಸಾಕು. ಲಿಫ್ಟ್ ನಿಂತರೆ ಅಷ್ಟನ್ನು ಕೂತು ಕೂತು ಇಳಿಯಬಹುದು. 30ನೇ ಮಹಡಿಯಿಂದ ಆಗುವುದಿಲ್ಲ. ಓಲಾಟವೂ ಕೆಳಗೆ ಕಡಿಮೆ. ಎಲ್ಲರೂ ಮೇಲಿನ ಮಹಡಿ ಬೇಕು ಅಂತ ಜಾಸ್ತಿ ದುಡ್ಡು ಕೊಡುತ್ತಾರೆ, ಕೆಳಗಿನದು ಕೇಳುವವರೇ ಕಡಿಮೆ, ಹಾಗಾಗಿ ಸಾಮಾನ್ಯವಾಗಿ ಸಿಗುತ್ತದೆ. ಇಲ್ಲಿ ನೆಲಮಹಡಿಯನ್ನೇ 1 ಅಂತ ಎಣಿಸುತ್ತಾರೆ, ನಮ್ಮ ಹಾಗೆ ಗ್ರೌಂಡ್ ಫ್ಲೋರ್ ಬಿಟ್ಟು ಅಲ್ಲ. ಲಿಫ್ಟ್‌ನಲ್ಲಿ 1 ಒತ್ತಿದರೆ ರಸ್ತೆ ಮಟ್ಟ. ಅಪ್ಪ ಅಮ್ಮನಿಗೆ ಮೊದಲ ದಿನವೇ ಹೇಳಿಡಿ.

ರೂಮಿಗೆ ಹೋದ ಮೇಲೆ, ಸೂಟ್‌ಕೇಸ್ ತೆರೆಯುವ ಮುಂಚೆ, ಐದು ನಿಮಿಷ ಇದಕ್ಕೆ ಕೊಡಿ. ಬಾಗಿಲಿನ ಒಳಮೈಯಲ್ಲಿ ನಕ್ಷೆ ಇರುತ್ತದೆ, ಅದರಲ್ಲಿ ತುರ್ತು ಮೆಟ್ಟಿಲು ಎಲ್ಲಿ ಅಂತ ನೋಡಿ. ನಕ್ಷೆ ನೋಡಿದ್ದು ಸಾಕು ಅನ್ನಬೇಡಿ, ಎಲ್ಲರೂ ಒಂದು ಸಲ ಅಲ್ಲಿ ತನಕ ನಡೆದು ಬನ್ನಿ. ಮಂಚದ ಪಕ್ಕದಲ್ಲಿ ಟಾರ್ಚ್ ಇರುತ್ತದೆ, ಹೋಲ್ಡರ್‌ನಿಂದ ತೆಗೆದರೆ ತಾನೇ ಹತ್ತುತ್ತದೆ. ಮಗಳಿಗೆ ತೋರಿಸಿ, ಆದರೆ ಆಟಕ್ಕೆ ಕೊಡಬೇಡಿ. ರಾತ್ರಿ ಎಲ್ಲರ ಚಪ್ಪಲಿ ಮಂಚದ ಪಕ್ಕ ಇರಲಿ. ಕಂಪನ ಶುರುವಾದರೆ ಓಡಬೇಡಿ. ಕಿಟಕಿಯಿಂದ ದೂರ ಬಂದು, ತಲೆಗೆ ದಿಂಬು ಹಿಡಿದು, ನಿಲ್ಲುವ ತನಕ ಕೂತಿರಿ. ಲಿಫ್ಟ್ ಒಳಗಿದ್ದರೆ ಎಲ್ಲಾ ಮಹಡಿಗಳ ಬಟನ್ ಒತ್ತಿ, ಮೊದಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಇಳಿಯಿರಿ. ಹೋಟೆಲ್‌ನವರು ಧ್ವನಿವರ್ಧಕದಲ್ಲಿ ಏನು ಹೇಳುತ್ತಾರೋ ಹಾಗೆ ಮಾಡಿ. ಬಹಳ ಸಲ ಅವರು ಹೇಳುವುದು "ರೂಮಿನಲ್ಲೇ ಇರಿ" ಅಂತ. ಅದು ಸರಿಯಾದ ಮಾತು. ನಂಬಾ ತಗ್ಗು ಪ್ರದೇಶ. ಸಮುದ್ರದಲ್ಲಿ ದೊಡ್ಡ ಭೂಕಂಪ ಆಗಿ ಸುನಾಮಿ ಎಚ್ಚರಿಕೆ ಬಂದರೆ ಎತ್ತರದ ಕಟ್ಟಡದಲ್ಲಿ ಇರುವವರೇ ಕ್ಷೇಮ. ಜಪಾನ್ ಪ್ರವಾಸೋದ್ಯಮ ಇಲಾಖೆಯ ಉಸ್ತುವಾರಿಯಲ್ಲಿ ಬಂದಿರುವ ಸೇಫ್ಟಿ ಟಿಪ್ಸ್ ಅನ್ನುವ ಆ್ಯಪ್ ಇದೆ, ಇಂಗ್ಲಿಷ್‌ನಲ್ಲಿ ಎಚ್ಚರಿಕೆ ಕೊಡುತ್ತದೆ. ಹೊರಡುವ ಮುಂಚೆ ಫೋನಿಗೆ ಹಾಕಿಕೊಳ್ಳಿ.

ರೂಮಿನ ವಿಷಯ. ನಮ್ಮ ಕಡೆ ರೂಮಿಗೆ ಇಷ್ಟು ಅಂತ ರೇಟು. ಜಪಾನಿನಲ್ಲಿ ತಲೆಗೆ ಇಷ್ಟು ಅನ್ನುವ ಲೆಕ್ಕ ಇನ್ನೂ ಬಹಳ ಕಡೆ ಇದೆ. ಇಬ್ಬರು ಅಂತ ಬುಕ್ ಮಾಡಿ ಮೂವರು ಹೋಗಿ ನಿಂತರೆ ಒಪ್ಪುವುದಿಲ್ಲ, ಬೆಂಕಿ ಸುರಕ್ಷತೆಯ ಕಾರಣಕ್ಕೆ ಪ್ರತಿ ರೂಮಿನಲ್ಲಿ ಎಷ್ಟು ಜನ ಅಂತ ಅವರಿಗೆ ಗೊತ್ತಿರಬೇಕು. ಮಗಳನ್ನೂ ಸೇರಿಸಿಯೇ ಬುಕ್ ಮಾಡಿ. ಶಾಲೆಗೆ ಸೇರದ ಮಕ್ಕಳು ಅಪ್ಪ ಅಮ್ಮನ ಹಾಸಿಗೆಯಲ್ಲೇ ಮಲಗಿದರೆ ದುಡ್ಡಿಲ್ಲ ಅನ್ನುವ ಪದ್ಧತಿ ಇದೆ, ಸೊಯಿನೆ ಅನ್ನುತ್ತಾರೆ. ಆದರೆ ವಯಸ್ಸಿನ ಮಿತಿ ಒಂದೊಂದು ಹೋಟೆಲ್‌ಗೆ ಒಂದೊಂದು, 6 ವರ್ಷ ಸರಿಯಾಗಿ ಗಡಿಯಲ್ಲಿದೆ. ಕೇಳಿಕೊಳ್ಳಿ. ಸೆಮಿ ಡಬಲ್ ಅಂತ ಕಂಡರೆ ಅಗ್ಗ ಅಂತ ಮರುಳಾಗಬೇಡಿ. 120 ಸೆಂಟಿಮೀಟರ್ ಅಗಲದ ಒಂದೇ ಮಂಚ ಅದು, ಇಬ್ಬರಿಗೆ. ಸಾಧಾರಣ ಹೋಟೆಲ್‌ಗಳ ರೂಮು 13, 15 ಚದರ ಮೀಟರ್ ಇರುತ್ತದೆ, ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿದರೆ ನಡೆಯಲು ಜಾಗ ಇರಲ್ಲ. ದೊಡ್ಡ ಹೋಟೆಲ್‌ನಲ್ಲಿ ನಿಮಗೆ ಸಿಗುವ ಎರಡನೇ ಸುಖ ಇದೇ ಜಾಗ. ಅಪ್ಪ ಅಮ್ಮನಿಗೆ ಎರಡು ಮಂಚದ ಟ್ವಿನ್ ರೂಮು, ನಿಮಗೆ ಇನ್ನೊಂದು, ಎರಡೂ ಅಕ್ಕಪಕ್ಕ.

ಬಚ್ಚಲಿನ ಬಗ್ಗೆ ಯಾರೂ ಹೇಳುವುದಿಲ್ಲ, ಮಂಡಿ ನೋವಿರುವವರಿಗೆ ಅದೇ ಮುಖ್ಯ. ಇಲ್ಲಿ ಬಚ್ಚಲನ್ನು ಇಡಿಯಾಗಿ ಫ್ಯಾಕ್ಟರಿಯಲ್ಲಿ ಮಾಡಿ ತಂದು ಕೂರಿಸುತ್ತಾರೆ, ಯೂನಿಟ್ ಬಾತ್ ಅಂತ. ಒಳಗೆ ಕಾಲಿಡುವಾಗ ಒಂದು ಎತ್ತರದ ಹೊಸ್ತಿಲು. ಸ್ನಾನ ಮಾಡಬೇಕು ಅಂದರೆ ಆಳವಾದ ತೊಟ್ಟಿಯೊಳಗೆ ಕಾಲೆತ್ತಿ ಇಳಿಯಬೇಕು, ಅಂಚು ಮಂಡಿಯಷ್ಟು ಎತ್ತರ ಇರುತ್ತದೆ, ತಳ ಜಾರುತ್ತದೆ. ಅಮ್ಮನಿಗೆ ಇದು ರಸ್ತೆಗಿಂತ ಅಪಾಯ. ತೊಟ್ಟಿಯ ಹೊರಗೆ ನಿಂತು ಸ್ನಾನ ಮಾಡುವ ಜಾಗ ಇರುವ ರೂಮು ಕೇಳಿ. ಇಲ್ಲದಿದ್ದರೆ ನಡೆದಾಡಲು ಕಷ್ಟ ಇರುವವರಿಗೆ ಬ್ಯಾರಿಯರ್ ಫ್ರೀ ಅಥವಾ ಯೂನಿವರ್ಸಲ್ ರೂಮು ಅಂತ ಇರುತ್ತದೆ, ದೊಡ್ಡ ಹೋಟೆಲ್‌ಗಳಲ್ಲಿ ಒಂದೆರಡು ಮಾತ್ರ, ಬೇಗ ಹೋಗಿಬಿಡುತ್ತವೆ. ಅದೂ ಸಿಗದಿದ್ದರೆ ಸ್ನಾನದ ಸ್ಟೂಲ್ ಮತ್ತು ಜಾರದ ಮ್ಯಾಟ್ ಕೇಳಿ. ಟಾಯ್ಲೆಟ್‌ಗೆ ಚೊಂಬು ಬೇಡ. ಬೆಚ್ಚಗಿನ ನೀರು ಚಿಮ್ಮುವ ಕಮೋಡ್ ಇಲ್ಲಿ ಎಲ್ಲಾ ಕಡೆ ಇದೆ. ನೀರಿನ ಜೋರು ಮೊದಲು ಕಡಿಮೆಗೆ ಇಟ್ಟು ಅಪ್ಪ ಅಮ್ಮನಿಗೆ ಬಟನ್ ತೋರಿಸಿಕೊಡಿ, ಒಂದು ದಿನದಲ್ಲಿ ಅಭ್ಯಾಸ ಆಗುತ್ತದೆ.

ಊಟ. ಇದರಲ್ಲಿ ಸ್ವಲ್ಪ ಕಷ್ಟ ಇದೆ, ಮುಚ್ಚಿಡುವುದಿಲ್ಲ. ಒಸಾಕಾದ ಅಡುಗೆಯ ಜೀವಾಳವೇ ದಾಶಿ ಅನ್ನುವ ತಿಳಿಸಾರು, ಅದಕ್ಕೆ ಕೊಂಬು ಅನ್ನುವ ಸಮುದ್ರದ ಸೊಪ್ಪಿನ ಜೊತೆ ಒಣಗಿಸಿದ ಮೀನು ಹಾಕುತ್ತಾರೆ. ಬರೀ ತರಕಾರಿ ಕಾಣುವ ಊದೊನ್ ನೂಡಲ್ಸ್‌ನಲ್ಲೂ, ಮಿಸೊ ಸೂಪಿನಲ್ಲೂ ಅದಿರುತ್ತದೆ. "ವೆಜಿಟೇರಿಯನ್" ಅಂದರೆ ಮಾಂಸ ತೆಗೆದು ಕೊಡುತ್ತಾರೆ, ಸಾರು ಬದಲಾಗುವುದಿಲ್ಲ. ನಿಕು, ಸಕಾನ, ತಮಾಗೊ, ದಾಶಿ, ಈ ನಾಲ್ಕೂ ಬೇಡ ಅಂತ ಜಪಾನಿಯಲ್ಲಿ ಬರೆಸಿ ಫೋನಿನಲ್ಲಿ ಇಟ್ಟುಕೊಳ್ಳಿ: ಮಾಂಸ, ಮೀನು, ಮೊಟ್ಟೆ, ದಾಶಿ. ಹೋಟೆಲಿನ ಬೆಳಗಿನ ಬಫೆ ನಿಮಗೆ ದುಬಾರಿ ಬೀಳುತ್ತದೆ. ನೂರು ಬಗೆ ಇಟ್ಟಿದ್ದರೂ ನೀವು ತಿನ್ನುವುದು ಬ್ರೆಡ್, ಹಣ್ಣು, ಸಲಾಡ್, ಮೊಸರು. ಐದೂ ದಿನ ಊಟವಿಲ್ಲದ ರೇಟಿಗೇ ಬುಕ್ ಮಾಡಿ, ಅದಕ್ಕೆ ಸುದೊಮಾರಿ ಅನ್ನುತ್ತಾರೆ. ಸ್ಟೇಷನ್ ಮೇಲೆ ಇರುವುದರ ಲಾಭ ಇಲ್ಲೂ ಇದೆ. ಪಕ್ಕದಲ್ಲೇ ತಕಾಶಿಮಾಯಾ ಅಂಗಡಿ, ಅದರ ನೆಲಮಾಳಿಗೆಯಲ್ಲಿ ಬ್ರೆಡ್ಡು, ಹಣ್ಣು ಸಿಗುತ್ತವೆ. ಬೀದಿಗೊಂದು ಸೆವೆನ್ ಇಲೆವೆನ್ ಅಥವಾ ಲಾಸನ್ ಅನ್ನುವ ಸಣ್ಣ ಅಂಗಡಿ ಇದೆ, ಅಲ್ಲಿ ಸಿಹಿ ಇಲ್ಲದ ಮೊಸರು ಸಿಗುತ್ತದೆ. ಪ್ಯಾಕೆಟ್ ಅನ್ನ ಕೂಡ ಇರುತ್ತದೆ, ಕೌಂಟರಿನಲ್ಲಿ ಕೇಳಿ ಬಿಸಿ ಮಾಡಿಸಿಕೊಳ್ಳಿ. ಅಪ್ಪ ಅಮ್ಮನಿಗೆ ರಾತ್ರಿ ಮೊಸರನ್ನ, ಮನೆಯಿಂದ ತಂದ ಉಪ್ಪಿನಕಾಯಿ, ಚಟ್ನಿಪುಡಿ ಇದ್ದರೆ ನೆಮ್ಮದಿಯಾಗಿ ಮಲಗುತ್ತಾರೆ. ಕರೆಂಟ್ ರೈಸ್ ಕುಕ್ಕರ್ ಮಾತ್ರ ತರಬೇಡಿ. ಇಲ್ಲಿ 100 ವೋಲ್ಟ್, ನಮ್ಮ 230 ವೋಲ್ಟಿನ ಕುಕ್ಕರ್ ನೀರು ಕುದಿಸುವುದೇ ಕಷ್ಟ, ರೂಮಿನಲ್ಲಿ ಅಡುಗೆ ಮಾಡುವುದಕ್ಕೆ ಒಪ್ಪಿಗೆಯೂ ಇಲ್ಲ. ಬಿಸಿನೀರಿನ ಕೆಟಲ್ ರೂಮಿನಲ್ಲೇ ಇರುತ್ತದೆ, ಅವಲಕ್ಕಿ, ರೆಡಿ ಉಪ್ಪಿಟ್ಟು ಅದರಲ್ಲೇ ಆಗುತ್ತದೆ. ಪ್ಲಗ್ ಎರಡು ಚಪ್ಪಟೆ ಕಡ್ಡಿಯದು, ಅಡಾಪ್ಟರ್ ಎರಡು ತನ್ನಿ.

ಒಂದು ಹೊತ್ತಾದರೂ ಜಪಾನಿನ ಅಡುಗೆಯನ್ನೇ, ಯಾವ ಅನುಮಾನವೂ ಇಲ್ಲದೆ ತಿನ್ನಬೇಕು ಅಂದರೆ ಕೋಯಾಸಾನ್ ಅನ್ನುವ ಬೆಟ್ಟಕ್ಕೆ ಹೋಗಿ ಬನ್ನಿ. ನಿಮ್ಮ ಹೋಟೆಲಿನ ಬುಡದಿಂದಲೇ ನಂಕಾಯ್ ಕೋಯಾ ಮಾರ್ಗದ ರೈಲು ಹೊರಡುತ್ತದೆ. ವೇಗದ ರೈಲಿನಲ್ಲಿ ಸುಮಾರು 80 ನಿಮಿಷ, ಆಮೇಲೆ 5 ನಿಮಿಷ ಹಗ್ಗದ ರೈಲು. ಬೌದ್ಧ ಗುರು ಕೂಕಾಯ್ 816ರಲ್ಲಿ ದೊರೆಯಿಂದ ಆ ಬೆಟ್ಟವನ್ನು ಪಡೆದು ಮಠ ಕಟ್ಟಿದರು. ಅಲ್ಲಿನ ಮಠಗಳ ಊಟದಲ್ಲಿ ಮಾಂಸ, ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಸಾರಿಗೆ ಕೊಂಬು, ಅಣಬೆ. ಅವರು ಬೆಂಕಿಯ ಮುಂದೆ ಮಾಡುವ ಪೂಜೆಗೆ ಗೊಮಾ ಅನ್ನುತ್ತಾರೆ, ನಮ್ಮ ಹೋಮದಿಂದ ಬಂದ ಹೆಸರೇ. ನಾನು ಕರೆದುಕೊಂಡು ಹೋದ ಹಿರಿಯರೆಲ್ಲ ಅದನ್ನು ಕೇಳಿ ಒಂದು ಕ್ಷಣ ಸುಮ್ಮನೆ ನಿಂತಿದ್ದಾರೆ. ಮಧ್ಯಾಹ್ನದ ಊಟ ಮೊದಲೇ ಕಾಯ್ದಿರಿಸಿ, ಮೊಟ್ಟೆಯೂ ಬೇಡ ಅಂತ ಆಗಲೇ ಹೇಳಿ. ರಾತ್ರಿ ಮಠದಲ್ಲಿ ಉಳಿಯುವುದು ನಿಮಗೆ ಬೇಡ, ನೆಲದ ಹಾಸಿಗೆಯಿಂದ ಏಳುವುದು ಅಮ್ಮನಿಗೆ ಆಗಲ್ಲ.

ರೇಟು ದಿನದಿಂದ ದಿನಕ್ಕೆ ಬದಲಾಗುತ್ತದೆ. ಶನಿವಾರ ರಾತ್ರಿ ಎಲ್ಲಾ ಕಡೆ ಜಾಸ್ತಿ, ಭಾನುವಾರ ರಾತ್ರಿ ಇಳಿಯುತ್ತದೆ. ಐದು ರಾತ್ರಿಯನ್ನು ಭಾನುವಾರದಿಂದ ಶುಕ್ರವಾರದ ತನಕ ಇಟ್ಟುಕೊಂಡರೆ ನಿಮ್ಮ ಎರಡು ಪಟ್ಟು ಒಂದೂವರೆಗೆ ಇಳಿದರೂ ಇಳಿಯಬಹುದು. ದಸರಾ ರಜೆ ಆರಿಸಿದ್ದು ಒಳ್ಳೆಯದಾಯಿತು. ಬೇಸಿಗೆ ರಜೆಗೆ ಬಂದಿದ್ದರೆ ಏಪ್ರಿಲ್ 29ರಿಂದ ಮೇ 5ರ ಸುತ್ತಿನ ಇಲ್ಲಿನ ಸಾಲು ರಜೆಗೆ ಸಿಕ್ಕಿಕೊಳ್ಳುತ್ತಿದ್ದಿರಿ. ಅಕ್ಟೋಬರ್ ಹವೆ ಹಿತವಾಗಿರುತ್ತದೆ, ಆದರೆ ಚಂಡಮಾರುತದ ಕಾಲ ಪೂರ್ತಿ ಮುಗಿದಿರುವುದಿಲ್ಲ. 2018ರ ಸೆಪ್ಟೆಂಬರ್ 4ರಂದು ಕನ್ಸಾಯ್ ವಿಮಾನ ನಿಲ್ದಾಣಕ್ಕೇ ಸಮುದ್ರ ನುಗ್ಗಿತ್ತು, ಅದು ಕೊಲ್ಲಿಯಲ್ಲಿ ಕಟ್ಟಿದ ಕೃತಕ ದ್ವೀಪ. ಪ್ರವಾಸ ವಿಮೆ ಇರಲಿ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೇಟೇ ತಗೊಳ್ಳಿ. ಹೋಟೆಲ್ ಬಿಲ್ಲಿನ ಮೇಲೆ ಒಸಾಕಾದ ವಾಸ್ತವ್ಯ ತೆರಿಗೆ ಬರುತ್ತದೆ. 2025ರ ಸೆಪ್ಟೆಂಬರ್‌ನಿಂದ ತಲೆಗೆ, ರಾತ್ರಿಗೆ 200ರಿಂದ 500 ಯೆನ್, ರೂಮಿನ ದರಕ್ಕೆ ತಕ್ಕ ಹಾಗೆ. ಟಿಪ್ಸ್ ಯಾರಿಗೂ ಕೊಡಬೇಡಿ, ತಗೊಳ್ಳುವುದಿಲ್ಲ.

ರೂಮು ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೆ. ಬೆಳಿಗ್ಗೆ ಇಳಿದರೆ ಸಾಮಾನು ಹೋಟೆಲ್‌ನಲ್ಲಿ ಬಿಡಿ, ದುಡ್ಡು ಕೇಳುವುದಿಲ್ಲ. ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ, ಅದು ಕಾನೂನು. ಬೆಂಗಳೂರಿನಿಂದ ನೇರ ವಿಮಾನ ಅಂತ ತೋಕ್ಯೊದ ನರಿತಾಗೆ ಇಳಿದು ಬುಲೆಟ್ ರೈಲಿನಲ್ಲಿ ಬರುವ ಯೋಚನೆ ಇದ್ದರೆ, ದೊಡ್ಡ ಸೂಟ್‌ಕೇಸ್‌ಗಳನ್ನು ನರಿತಾದಲ್ಲೇ ಕಪ್ಪು ಬೆಕ್ಕಿನ ಗುರುತಿನ ಯಮಾತೊ ಕೊರಿಯರ್ ಕೌಂಟರಿನಲ್ಲಿ ಕೊಟ್ಟು ಹೋಟೆಲ್‌ಗೆ ಕಳಿಸಿಬಿಡಿ. ಒಂದೆರಡು ದಿನದಲ್ಲಿ ರಿಸೆಪ್ಷನ್‌ಗೆ ಬಂದಿರುತ್ತದೆ. ಔಷಧಿ ಮತ್ತು ಎರಡು ದಿನದ ಬಟ್ಟೆ ಕೈಚೀಲದಲ್ಲಿರಲಿ.

ನೋಟ ಬೇಕೇಬೇಕು ಅಂತ ಮಗಳು ಹಟ ಮಾಡಿದರೆ ಒಂದು ಸಂಜೆ ಅಬೆನೊ ಹರುಕಾಸ್‌ಗೆ ಹೋಗಿ. 58ರಿಂದ 60ನೇ ಮಹಡಿಗೆ ಟಿಕೆಟ್ ಇದೆ, 16ನೇ ಮಹಡಿಯ ತೋಟಕ್ಕೆ ಬಿಟ್ಟಿ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಮೇಲಿರಿ. ಕತ್ತಲಾದ ಮೇಲೆ ಊರಿನ ಎಲ್ಲಾ ಎತ್ತರದ ಕಟ್ಟಡಗಳ ತುದಿಯಲ್ಲಿ ಕೆಂಪು ದೀಪ ನಿಧಾನವಾಗಿ ಮಿಟುಕುತ್ತವೆ, ವಿಮಾನಗಳಿಗೆ ಅಂತ ಹಾಕಿದ್ದು. ನಂಬಾ ಕಡೆ ತಿರುಗಿ ನಿಮ್ಮ ಹೋಟೆಲ್ ಯಾವುದು ಅಂತ ಮಗಳನ್ನೇ ಹುಡುಕಲು ಹೇಳಿ.

ಬುಕ್ ಮಾಡಿದ ದಿನವೇ ಹೋಟೆಲ್‌ಗೆ ಒಂದು ಇ-ಮೇಲ್ ಹಾಕಿ, ಸರಳ ಇಂಗ್ಲಿಷ್ ಸಾಕು. ಎರಡು ರೂಮು ಅಕ್ಕಪಕ್ಕ, ಕೆಳಗಿನ ಮಹಡಿ, ಲಿಫ್ಟ್ ಹತ್ತಿರ, ಸಿಗರೇಟ್ ಸೇದದ ರೂಮು, ಬಚ್ಚಲಿನಲ್ಲಿ ತೊಟ್ಟಿ ದಾಟದೆ ಸ್ನಾನ ಮಾಡುವ ಜಾಗ, 6 ವರ್ಷದ ಮಗುವಿಗೆ ಏನು ನಿಯಮ, ಎಷ್ಟು ಗಂಟೆಗೆ ಬರುತ್ತೀರಿ. ಇಷ್ಟೇ ಬರೆಯಿರಿ. ಬಚ್ಚಲಿನ ವಿಷಯಕ್ಕೆ ಆಗಲ್ಲ ಅಂತ ಉತ್ತರ ಬಂದರೆ ರದ್ದು ಮಾಡುವ ಗಡುವು ಮುಗಿಯುವುದರೊಳಗೆ ನನಗೆ ಇನ್ನೊಮ್ಮೆ ಬರೆಯಿರಿ. ನಂಬಾದಲ್ಲೇ, ಲಿಫ್ಟ್ ಇರುವ ಬಾಗಿಲಿನ ಪಕ್ಕದಲ್ಲಿ, ಇಷ್ಟು ಎತ್ತರ ಇಲ್ಲದ ಹೋಟೆಲ್‌ಗಳೂ ಇವೆ. ನಿಮ್ಮ ತಾರೀಖಿಗೆ ಯಾವುದು ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.